ಅಪ್‌ಡೇಟ್: ಬಿರುಕಿಲ್ಲದ ಗೆರೆಗಳು ಕೊನೆಗೂ ಬಂದವು

ಟೈಟಾನಿಯಾ ಸಾಲ್-ಜೆಲ್ (ಮೊದಲು ಜೆಲ್ ಆಗಿ, ಸುಟ್ಟಾಗ ಗಟ್ಟಿ ಟೈಟಾನಿಯಂ ಡೈಆಕ್ಸೈಡ್ ಆಗುವ ದ್ರಾವಣ) ಮೇಲೆ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರ್ ಅಚ್ಚು ಒತ್ತಿ 10 ಮೈಕ್ರಾನ್ ಅಗಲದ ಗೆರೆ ಮಾಡುತ್ತಿದ್ದೇನೆ, ಸುಟ್ಟ ಮೇಲೆ ಎಲ್ಲವೂ ಬಿರುಕು ಬಿಡುತ್ತಿವೆ ಅಂತ ಕೇಳಿದ್ದೆ. ಪದರ ದಪ್ಪವಾಗಿದೆ, ಅಚ್ಚು ಬೇಗ ತೆಗೆಯುತ್ತಿದ್ದೀರಿ ಅಂದಿದ್ದಿರಿ. ಎರಡೂ ನಿಜವಾಗಿತ್ತು.

ಒಣಗುವಾಗ ಜೆಲ್ ಕುಗ್ಗಲು ನೋಡುತ್ತದೆ, ಅದು ಅಂಟಿಕೊಂಡಿರುವ ಕೆಳಗಿನ ಸಿಲಿಕಾನ್ ಬಿಲ್ಲೆ ಬಿಡುವುದಿಲ್ಲ. ಪದರ ದಪ್ಪವಾದಷ್ಟೂ ಆ ಎಳೆತಕ್ಕೆ ಸುಲಭವಾಗಿ ಬಿರುಕು ಬಿಡುತ್ತದೆ. ಹಾಗಾಗಿ ದ್ರಾವಣಕ್ಕೆ ಎಥೆನಾಲ್ ಜಾಸ್ತಿ ಹಾಕಿ ತೆಳು ಮಾಡಿದೆ. ಅಚ್ಚನ್ನು ರಾತ್ರಿಯಿಡೀ ಹಾಗೇ ಬಿಟ್ಟೆ. ಎಥೆನಾಲ್ ಆವಿ ರಬ್ಬರಿನೊಳಗಿಂದಲೇ ನಿಧಾನವಾಗಿ ಹೊರಗೆ ಹೋಗುತ್ತದೆ, ಅಲ್ವಾ? ಬೆಳಿಗ್ಗೆ ಒಂದು ಮೂಲೆಯಿಂದ ಸುಲಿದಾಗ ಅಚ್ಚಿಗೆ ಏನೂ ಅಂಟಿರಲಿಲ್ಲ. ಆಮೇಲೆ ನಿಮಿಷಕ್ಕೆ 1 ಡಿಗ್ರಿಯಂತೆ 450 ಡಿಗ್ರಿವರೆಗೆ ಕಾಯಿಸಿದೆ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೇ ಒಂದು ಬಿರುಕಿಲ್ಲ! ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಎತ್ತರ ಮಾತ್ರ ಅರ್ಧಕ್ಕಿಂತ ಕಡಿಮೆಯಾಗಿದೆ, ಗೆರೆಯ ಮೇಲ್ತುದಿ ಬುಡಕ್ಕಿಂತ ಕಿರಿದಾಗಿದೆ. ಮುಂದಿನ ಅಚ್ಚನ್ನು ಇನ್ನಷ್ಟು ಆಳ ಮಾಡಬೇಕು.

ಇನ್ನೊಂದು ವಿಷಯ: ಅಚ್ಚನ್ನು ಟಾಲುಯೀನ್ ಎಂಬ ದ್ರಾವಕದಲ್ಲಿ ತೊಳೆಯಬೇಡಿ, ಊದಿಕೊಳ್ಳುತ್ತದೆ. ಎಥೆನಾಲ್ ಸಾಕು.

ಗೆರೆಗಳ ನಡುವೆ ಹಾಲಿನ ಕೆನೆಯಂಥ ತೆಳು ಪದರ ಇನ್ನೂ ಉಳಿದಿದೆ. ದ್ರಾವಣದ ಹನಿ ಚಿಕ್ಕದು ಮಾಡಿ ನೋಡುತ್ತೇನೆ.