ಪದಚರ್ಚೆ: ಆನ್‌ಲೈನ್ ಸಂಗೀತ ಪಾಠದಲ್ಲಿ ‘ಲೇಟೆನ್ಸಿ’ಗೆ ‘ವಿಳಂಬ’ ಅನ್ನಬಹುದೆ?

ಬಳಗದವರಿಗೆ ನಮಸ್ಕಾರ.

ಆನ್‌ಲೈನ್‌ನಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುವ ಟೀಚರೊಬ್ಬರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮೈಕ್, ಹೆಡ್‌ಫೋನ್, ಮೀಟಿಂಗ್ ಆ್ಯಪ್‌ನ ಸೆಟ್ಟಿಂಗು, ಕೈಕೊಟ್ಟಾಗ ಏನು ನೋಡಬೇಕು, ಇಷ್ಟೇ ವಿಷಯ. ಓದುವವರಲ್ಲಿ ಪುಟ್ಟ ಮಕ್ಕಳ ತಾಯಂದಿರಿದ್ದಾರೆ, ರಿಟೈರ್ ಆದಮೇಲೆ ವೀಣೆ ಹಿಡಿದವರಿದ್ದಾರೆ, ಡಲ್ಲಾಸ್‌ನಲ್ಲೋ ದುಬೈಯಲ್ಲೋ ಕೂತು ಹೊತ್ತಲ್ಲದ ಹೊತ್ತಿನಲ್ಲಿ ಪಾಠಕ್ಕೆ ಸೇರುವವರಿದ್ದಾರೆ. ಕಂಪ್ಯೂಟರ್ ಪದಗಳನ್ನೆಲ್ಲ ಕನ್ನಡಿಸಲೇಬೇಕೆಂಬ ಹಟ ನನಗಿಲ್ಲ. ಮ್ಯೂಟ್, ಸೆಟ್ಟಿಂಗ್ಸ್, ಬ್ಲೂಟೂತ್ ಹಾಗೇ ಇರಲಿ. ತೊಡಕಿರುವುದು ದೋಷಗಳ ಹೆಸರಿನಲ್ಲಿ. ಫೋನ್ ಮಾಡಿದವರೆಲ್ಲ “ಸೌಂಡ್ ಸರಿ ಬರ್ತಿಲ್ಲ” ಅಂತಲೇ ಶುರುಮಾಡುತ್ತಾರೆ. ಆ ಒಂದು ಮಾತಿನ ಹಿಂದೆ ಐದಾರು ಬೇರೆಬೇರೆ ಕಾಯಿಲೆಗಳಿರುತ್ತವೆ, ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ನನಗೆ ಬೇಕಾಗಿರುವುದು ಕೇಳಿದ ಕೂಡಲೇ ‘ಹಾಂ, ನನಗೆ ಆಗ್ತಿರೋದು ಇದೇ’ ಎಂದು ಓದುಗರು ಬೆರಳಿಟ್ಟು ತೋರಿಸಬಲ್ಲ ಪದಗಳು.

ಮೊದಲನೆಯದು, ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು, ಲೇಟೆನ್ಸಿ. ಅಂದರೆ ಇಲ್ಲಿ ಬಾಯಿಬಿಟ್ಟ ಗಳಿಗೆಗೂ ಅಲ್ಲಿ ಕೇಳಿಸುವ ಗಳಿಗೆಗೂ ನಡುವಿನ ಅಂತರ. ‘ವಿಳಂಬ’ ಕೈಗೆ ತಕ್ಷಣ ಸಿಗುವ ಪದ. ರೈಲು ಬರುವುದಕ್ಕೂ ಕಡತ ವಿಲೇವಾರಿಗೂ ಸರಿಯಾಗಿಯೇ ಇದೆ. ಆದರೆ ಸಂಗೀತದವರ ಕಿವಿಯಲ್ಲಿ ಅದು ಆಗಲೇ ಬೇರೊಂದು ಜಾಗ ಹಿಡಿದು ಕೂತಿದೆ: ವಿಳಂಬ, ಮಧ್ಯ, ದ್ರುತ, ಅಂದರೆ ಹಾಡಿನ ನಿಧಾನ, ನಡು, ಬೇಗದ ಗತಿಗಳು. ಕರಡಿನಲ್ಲಿ “ನಿಮ್ಮ ಕಡೆ ವಿಳಂಬ ಹೆಚ್ಚಾಗಿದ್ದರೆ ಕಡಿಮೆ ಮಾಡಿಕೊಳ್ಳಿ” ಎಂಬ ಸಾಲಿತ್ತು. ಟೀಚರ್ ಅಲ್ಲಿಗೆ ಬಂದು ನಿಂತು, “ಇದರಲ್ಲಿ ಕಾಲಪ್ರಮಾಣದ ಮಾತು ಯಾಕೆ ಬಂತು? ಬೇಗ ಹಾಡಬೇಕು ಅಂತಲಾ?” ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ವಿಳಂಬ ಕಾಲದಲ್ಲಿ ಒಂದು ಎಣಿಕೆಗೂ ಮುಂದಿನ ಎಣಿಕೆಗೂ ನಡುವಿನ ಜಾಗ ಹಿಗ್ಗುತ್ತದೆ. ಲೇಟೆನ್ಸಿಯಲ್ಲಿ ಎಣಿಕೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದಿತಾಳದ ಎಂಟೂ ಅಕ್ಷರ (ಎಣಿಕೆ) ಹೇಗಿವೆಯೋ ಹಾಗೇ, ತಾಳದ ಇಡೀ ಆವರ್ತವೇ (ಸುತ್ತೇ) ಹಿಂದಕ್ಕೆ ಜಾರಿ ಬರುತ್ತದೆ.

ಈ ಜಾರುವಿಕೆ ಎಷ್ಟೆಂದು ಕೈಪಿಡಿಯಲ್ಲಿ ಲೆಕ್ಕ ಹಾಕಿ ತೋರಿಸಿದ್ದೇನೆ, ಯಾಕೆಂದರೆ “ನೆಟ್ ಇನ್ನೂ ಜೋರು ಹಾಕಿಸ್ಕೊಂಡ್ರೆ ಒಟ್ಟಿಗೆ ಹಾಡಬಹುದಲ್ವಾ” ಎಂಬ ಆಸೆ ಎಲ್ಲರಿಗೂ ಇದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಮೂರು ಮೀಟರ್ ಆಚೆ ಕೂತ ಗುರುಗಳ ದನಿ ಶಿಷ್ಯೆಯ ಕಿವಿ ಮುಟ್ಟಲು 9 ಮಿಲಿಸೆಕೆಂಡು ಹಿಡಿಯುತ್ತದೆ, ಅದು ಯಾರ ಗಮನಕ್ಕೂ ಬರುವುದಿಲ್ಲ. 30 ಮಿಲಿಸೆಕೆಂಡಿನ ಆಸುಪಾಸಿಗೆ ಬಂದಾಗ ಒಟ್ಟಿಗೆ ಹಾಡುವವರ ಲಯ ಕದಲಲು ಶುರು. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು 14,000 ಕಿಲೊಮೀಟರ್. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೊಮೀಟರಿನಷ್ಟು ಓಡುತ್ತದೆ. ಅಂದರೆ ಕೇಬಲ್ಲನ್ನು ನೇರವಾಗಿ ಎಳೆದಿದ್ದಾರೆಂದೇ ಇಟ್ಟುಕೊಂಡರೂ ಹೋಗುವುದಕ್ಕೆ 70 ಮಿಲಿಸೆಕೆಂಡು, ಬರುವುದಕ್ಕೆ 70. ಎಷ್ಟು ದುಬಾರಿ ಪ್ಲಾನ್ ಹಾಕಿಸಿದರೂ ಇದನ್ನು ಇಳಿಸುವಂತಿಲ್ಲ. ಇದರ ಮೇಲೆ ಕಂಪ್ಯೂಟರಿನ ಬಫರ್ (ದನಿಯನ್ನು ಮುಂದೆ ಕಳಿಸುವ ಮೊದಲು ಕೂಡಿಟ್ಟುಕೊಳ್ಳುವ ಜಾಗ) ಬೇರೆ: 48,000 ಹರ್ಟ್ಸ್‌ನಲ್ಲಿ 256 ಸ್ಯಾಂಪಲ್ (ದನಿಯನ್ನು ಅಳೆದ ಚೂರು; 48,000 ಹರ್ಟ್ಸ್ ಅಂದರೆ ಸೆಕೆಂಡಿಗೆ ಅಷ್ಟು ಚೂರು) ಇಟ್ಟರೆ 5 ಮಿಲಿಸೆಕೆಂಡಿಗೆ ತುಸು ಮೇಲೆ, 1024 ಇಟ್ಟರೆ 21. ಬ್ಲೂಟೂತ್ ಹೆಡ್‌ಫೋನ್ ಸೇರಿತೋ, ಎಷ್ಟೋ ಸಲ ಅದೊಂದೇ ನೂರನ್ನು ದಾಟಿಸುತ್ತದೆ. ಒಂದೇ ಊರಿನವರಾದರೆ ಜಾಮ್ಯುಲಸ್‌ನಂಥ ಉಚಿತ ತಂತ್ರಾಂಶ ಹಾಕಿ, ತಂತಿಯ ಹೆಡ್‌ಫೋನ್, ತಂತಿಯ ನೆಟ್ ಇಟ್ಟುಕೊಂಡು ಜೊತೆಗೆ ಹಾಡಲು ಯತ್ನಿಸಬಹುದು. ಸಮುದ್ರದಾಚೆಗೆ ಅದು ನಡೆಯದು. ಅವರಿಗೆ ನಾನು ಬರೆದಿರುವುದು ಇಷ್ಟು: ಟೀಚರ್ ಹಾಡಿ ನಿಲ್ಲಿಸಿದ ಮೇಲೆ ನೀವು ಹಾಡಿ, ನಿಮ್ಮ ತಾಳ ನಿಮ್ಮ ಕೈಯಲ್ಲೇ ಇರಲಿ, ತಂಬೂರಿ ಆ್ಯಪ್ ನಿಮ್ಮ ಕೋಣೆಯಲ್ಲೇ ಇನ್ನೊಂದು ಫೋನಿನಲ್ಲಿ ನುಡಿಯಲಿ.

ಇದಕ್ಕೆ ಪದ? ನಾನು ಸದ್ಯಕ್ಕೆ ಬರೇ ‘ತಡ’ ಎಂದು ಇಟ್ಟುಕೊಂಡಿದ್ದೇನೆ. “ದನಿ ತಡವಾಗಿ ಮುಟ್ಟುತ್ತಿದೆ”, “40 ಮಿಲಿಸೆಕೆಂಡ್ ತಡ”, ಎರಡೂ ಓದಲು ಸಲೀಸು, ಬಸ್ಸು ಅರ್ಧ ಗಂಟೆ ತಡ ಅಂದ ಹಾಗೆ ಅಂಕಿಯ ಜೊತೆ ಕೂಡಿಕೊಳ್ಳುತ್ತದೆ. ‘ದನಿತಡ’ ಎಂಬ ಸಮಾಸ ಮಾಡಿ ನೋಡಿದೆ, ಯಾಕೋ ತಡೆಯೋ ತಡವೋ ಎಂದು ಕಣ್ಣು ಎಡವಿತು. ‘ಸಾವಕಾಶ’ವನ್ನು ಧಾರವಾಡದ ಕಡೆಯವರು ನಿಧಾನಕ್ಕೇ ಬಳಸುವುದರಿಂದ ಅಲ್ಲಿಯೂ ಮತ್ತೆ ವಿಳಂಬದ ತೊಂದರೆಯೇ. ಇದಕ್ಕಿಂತ ಹಿಡಿತದ ಪದ ನಿಮ್ಮಲ್ಲಿದ್ದರೆ ಹೇಳಿ.

ಎರಡನೆಯದು ಎಕೊ, ರಿವರ್ಬ್, ಫೀಡ್‌ಬ್ಯಾಕ್ ಎಂಬ ಮೂವರದ್ದು. ಫೋನಿನಲ್ಲಿ ಮೂರಕ್ಕೂ “ಎಕೊ ಹೊಡೀತಿದೆ” ಎನ್ನುತ್ತಾರೆ. ಆದರೆ ಮೂರೂ ಹುಟ್ಟುವುದು ಮೂರು ಬೇರೆ ಕಡೆ. ನಿಮ್ಮ ಮಾತು ಅರ್ಧ ಸೆಕೆಂಡು ಬಿಟ್ಟು ನಿಮಗೇ ವಾಪಸ್ ಕೇಳಿಸಿದರೆ, ಅದು ಎದುರಿನವರ ಸ್ಪೀಕರಿನಿಂದ ಅವರ ಮೈಕಿಗೆ ನುಗ್ಗಿ ಬಂದದ್ದು. ಅಂದರೆ ಕೇಳಿಸಿಕೊಂಡು ಗೋಳಾಡುವವರು ಒಬ್ಬರು, ಹೆಡ್‌ಫೋನ್ ಹಾಕಿಕೊಳ್ಳಬೇಕಾದವರು ಇನ್ನೊಬ್ಬರು. ಪಾಪದವರು ತಮ್ಮದೇ ಮೈಕನ್ನು ಮತ್ತೆ ಮತ್ತೆ ಕಿತ್ತು ಹಾಕುತ್ತಿರುತ್ತಾರೆ. ಇದಕ್ಕೆ ‘ಮಾರ್ದನಿ’ ಚೆನ್ನಾಗಿ ಒಪ್ಪುತ್ತದೆ. ಮಾರುತ್ತರದಲ್ಲಿರುವ ಆ ‘ಮಾರು’ ಎದುರುಗಡೆಯಿಂದ ಬಂದದ್ದೆಂಬ ಸುಳಿವನ್ನೂ ಕೊಡುತ್ತದೆ. ‘ಪ್ರತಿಧ್ವನಿ’ಯೂ ಅದೇ ಅರ್ಥದ್ದು, ಆದರೆ ಸಂಪಾದಕೀಯಗಳಲ್ಲಿ ಸವೆದುಹೋಗಿದೆ.

ರಿವರ್ಬ್ ಎಂದರೆ ಬರಿಗೋಡೆಯ ಕೋಣೆಯಲ್ಲಿ ಹಾಡಿದಾಗ ದನಿಗೆ ಅಂಟಿಕೊಂಡು ಬರುವ ಬಾಲ. ದೋಷ ಹಾಡುವವರ ಕೋಣೆಯಲ್ಲೇ ಇದೆ, ಪರದೆ ಎಳೆದು ಜಮಖಾನ ಹಾಸಿದರೆ ಅರ್ಧ ಇಳಿಯುತ್ತದೆ. ಪುಸ್ತಕದ ಪದ ‘ಅನುರಣನ’. ನನ್ನ ಓದುಗರಿಗೆ ಅದು ಮುಟ್ಟುವುದಿಲ್ಲವೆಂದು ‘ಗುಂಗು’ ಬಳಸಿದೆ. ಗುಂಗು ಎಂದರೆ ಮನಸ್ಸಿನ ಗುಂಗೂ ಹೌದಲ್ಲ ಎಂದು ಒಬ್ಬರು ತಕರಾರು ತೆಗೆದರು. ತಂಬಿಗೆಯ ಬಾಯಿಗೆ ಬಾಯಿಟ್ಟು ಮಾತಾಡಿದಾಗ ಬರುವ ಸದ್ದಿಗೆ ನಿಮ್ಮ ಊರಿನಲ್ಲಿ ಏನನ್ನುತ್ತಾರೆ?

ಇನ್ನು ಫೀಡ್‌ಬ್ಯಾಕ್. ಒಂದೇ ಕೋಣೆಯಲ್ಲಿ ಲ್ಯಾಪ್‌ಟಾಪಿನಿಂದಲೂ ಫೋನಿನಿಂದಲೂ ಒಂದೇ ಪಾಠಕ್ಕೆ ಸೇರಿ, ಎರಡರ ಸ್ಪೀಕರೂ ತೆರೆದಿಟ್ಟರೆ ಕ್ಷಣದಲ್ಲಿ ‘ಕುಂಯ್’ ಎಂದು ಕಿವಿ ಕೊರೆಯುತ್ತದಲ್ಲ, ಅದು. ಅಪ್ಪ ಫೋನಿನಲ್ಲಿ, ಮಗಳು ಲ್ಯಾಪ್‌ಟಾಪಿನಲ್ಲಿ ಸೇರಿದ ಮನೆಗಳಲ್ಲೆಲ್ಲ ಇದು ಇದ್ದದ್ದೇ. ಮೇಷ್ಟರುಗಳಿಗೆ ರೂಢಿಯಿರುವ ‘ಹಿಮ್ಮಾಹಿತಿ’, ಅಂಗಡಿಯವರ ‘ಪ್ರತಿಕ್ರಿಯೆ’, ಎರಡೂ ಇಲ್ಲಿ ನಗೆಪಾಟಲು. ಇದಕ್ಕೆ ಮೈಕ್‌ಸೆಟ್‌ನವರ ಹತ್ತಿರ ಸಿದ್ಧ ಮಾತಿದೆ: “ಮೈಕ್ ಕೂಗ್ತಿದೆ.” ಜಾತ್ರೆ, ನಾಟಕ, ಆಟ ನೋಡಿದವರಿಗೆಲ್ಲ ತಿಳಿಯುವ ಮಾತು. ಹಾಗಾಗಿ ‘ಕೂಗು’ ಎಂದೇ ಇಟ್ಟಿದ್ದೇನೆ, ಇದರ ಬಗ್ಗೆ ನನಗೆ ಅನುಮಾನವಿಲ್ಲ.

ಮೈಕ್ ಎಂದಾಗ ಒಂದು ಎಚ್ಚರ. ಊರ ಕಡೆ “ದೇವಸ್ಥಾನದ ಮೈಕಲ್ಲಿ ಹಾಡು ಬರ್ತಿದೆ” ಅನ್ನುವಾಗ ಮೈಕ್ ಅಂದರೆ ಗೋಪುರಕ್ಕೆ ಕಟ್ಟಿದ ಹಾರ್ನ್. ಮೈಕ್ ಆಫ್ ಮಾಡಿ ಅಂದಾಗ ವಯಸ್ಸಾದ ಒಬ್ಬರು ಸ್ಪೀಕರ್ ವಾಲ್ಯೂಮನ್ನು ಪೂರ್ತಿ ಇಳಿಸಿ, “ಆಫ್ ಮಾಡ್ದೆ, ಈಗ ನನಗೇ ಏನೂ ಕೇಳಿಸ್ತಿಲ್ಲಮ್ಮ” ಎಂದದ್ದುಂಟು. ‘ಧ್ವನಿವರ್ಧಕ’ವೂ ಪೊಲೀಸ್ ಪರವಾನಗಿ ಪತ್ರದಲ್ಲಿ ಇಡೀ ಮೈಕ್‌ಸೆಟ್ಟಿಗೇ ನಿಲ್ಲುತ್ತದೆ. ಕೈಪಿಡಿಯ ಮೊದಲ ಪುಟದಲ್ಲೇ ‘ನೀವು ಹಾಡುವುದು ಮೈಕಿಗೆ, ನಿಮಗೆ ಕೇಳಿಸುವುದು ಸ್ಪೀಕರಿನಲ್ಲಿ’ ಎಂದು ದಪ್ಪಕ್ಷರದಲ್ಲಿ ಹಾಕಿಬಿಟ್ಟೆ.

ಮೂರನೆಯ ಗೊಂದಲ ‘ಬ್ರೇಕ್’ ಮತ್ತು ‘ಒಡೆ’. “ವಾಯ್ಸ್ ಬ್ರೇಕ್ ಆಗ್ತಿದೆ” ಎನ್ನುವವರ ಮನಸ್ಸಿನಲ್ಲಿರುವುದು ತುಂಡು ತುಂಡಾಗಿ ಬರುವ ದನಿ. ಅದು ನೆಟ್‌ನ ತೊಂದರೆ, ದಾರಿಯಲ್ಲಿ ದನಿಯನ್ನು ಹೊತ್ತ ಚಿಕ್ಕಚಿಕ್ಕ ಪ್ಯಾಕೆಟ್‌ಗಳು ಕಳೆದುಹೋಗಿವೆ. ರೂಟರಿಗೆ ಹತ್ತಿರ ಬನ್ನಿ, ವಿಡಿಯೊ ಆಫ್ ಮಾಡಿ ಅನ್ನಬೇಕು. ಆದರೆ “ದನಿ ಒಡೀತಿದೆ” ಎಂದರೆ ಕನ್ನಡದಲ್ಲಿ ಬೇರೆಯೇ: ತಾರಸ್ಥಾಯಿಗೆ ಹೋದಾಗ ಗರಗರ ಎಂದು ಸೀಳಿದಂತಾಗುವುದು. ಅದು ಮೈಕಿನ ಗೇನ್, ಅಂದರೆ ಮೈಕ್ ಎಷ್ಟು ಸೂಕ್ಷ್ಮವಾಗಿ ದನಿ ಹಿಡಿಯಬೇಕೆಂಬ ಮಟ್ಟ, ಅತಿಯಾದದ್ದು. ಅಲ್ಲಿ ಗೇನ್ ಇಳಿಸಬೇಕು, ಇಲ್ಲವೆ ಮೈಕಿನಿಂದ ಒಂದಡಿ ಹಿಂದೆ ಸರಿಯಬೇಕು. ಬ್ರೇಕ್ ಎಂದರೆ ಒಡೆಯುವುದೇ ತಾನೆ ಎಂದು ಅನುವಾದಿಸಿಬಿಟ್ಟರೆ, ನೆಟ್ ಕೆಟ್ಟವರು ಮೈಕ್ ತಿರುಚುತ್ತಾರೆ, ಮೈಕ್ ಕೆಟ್ಟವರು ನೆಟ್‌ನವನಿಗೆ ಬೈಯುತ್ತಾರೆ. ಮೊದಲನೆಯದಕ್ಕೆ ‘ತುಂಡಾಗು’, ಎರಡನೆಯದಕ್ಕೆ ‘ಒಡೆ’ ಎಂದು ಗೆರೆ ಎಳೆದಿದ್ದೇನೆ.

ಹಿನ್ನೆಲೆಯ ಸದ್ದನ್ನು ತಾನೇ ಅಳಿಸುವ ನಾಯ್ಸ್ ಸಪ್ರೆಶನ್‌ಗೆ ‘ಶಬ್ದ ನಿಗ್ರಹ’ ಎಂಬ ಅನುವಾದ ಓಡಾಡುತ್ತಿದೆ. ನಿಗ್ರಹ ಅಂದ ಕೂಡಲೇ ನನಗೆ ಇಂದ್ರಿಯಗಳೋ ಭ್ರಷ್ಟಾಚಾರವೋ ಕಣ್ಣಮುಂದೆ ಬರುತ್ತವೆ. ಶಬ್ದಕ್ಕೆ ಪದ ಎಂಬ ಅರ್ಥವೂ ಇದೆ. ಅದಕ್ಕಿಂತ ದೊಡ್ಡ ತಕರಾರು, ಆ ಪದ ಇದನ್ನು ಒಳ್ಳೆಯ ಕೆಲಸವೆಂದು ತೋರಿಸುತ್ತದೆ. ಮಾತುಕತೆಗೆ ಒಳ್ಳೆಯದೇ. ಆದರೆ ಈ ತಂತ್ರಾಂಶ ಸದ್ದನ್ನು ಗುರುತಿಸುವ ರೀತಿ ನೋಡಿ: ಏರಿಳಿತವಿಲ್ಲದೆ ಒಂದೇ ಸಮ ಬರುತ್ತಿರುವುದು ಫ್ಯಾನ್ ಇರಬೇಕೆಂದು ಒರೆಸಿಹಾಕುತ್ತದೆ. ತಂಬೂರಿಯೂ ಒಂದೇ ಸಮ ನುಡಿಯುವುದೇ ತಾನೆ! ಝೇಂಕಾರ ಮೊದಲು ಹೋಗುತ್ತದೆ, ಆಮೇಲೆ ಉದ್ದಕ್ಕೆ ಹಿಡಿದ ಷಡ್ಜವೂ ನಡುವೆ ಕರಗುತ್ತದೆ. “ಸಾ ಹಿಡಿ ಅಂದ್ರೆ ಬಿಟ್‌ಬಿಟ್ಟು ಹಿಡೀತೀಯಲ್ಲೇ” ಎಂದು ಟೀಚರ್ ಗದರಿದ ಹುಡುಗಿ ಉಸಿರು ಕಟ್ಟಿ ಹಿಡಿದೇ ಇದ್ದಳು. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಎಂಬ ಆಯ್ಕೆ ಇರುವುದು ಇಂಥ ಸೋಸುವಿಕೆಯನ್ನು ನಿಲ್ಲಿಸುವುದಕ್ಕೆ. ಅದನ್ನು ಆನ್ ಮಾಡಿ ಅದರೊಳಗಿನ ಎಕೊ ಕ್ಯಾನ್ಸಲೇಶನ್ನನ್ನೂ (ಮಾರ್ದನಿ ಅಳಿಸುವ ಸೌಲಭ್ಯವನ್ನೂ) ತೆಗೆದರೆ, ಹೆಡ್‌ಫೋನ್ ಇಲ್ಲದವರ ಕಡೆಯಿಂದ ಮಾರ್ದನಿ ಶುರುವಾಗುತ್ತದೆ. ಆದ್ದರಿಂದ ಎರಡನ್ನೂ ಜೊತೆಗೇ ಹೇಳಬೇಕಾಯಿತು. ಸೆಟ್ಟಿಂಗಿಗೆ ‘ಸದ್ದು ಸೋಸುವುದು’ ಎಂದೂ ಅದು ಅತಿಯಾದಾಗಿನ ದೋಷಕ್ಕೆ ‘ದನಿ ನುಂಗುತ್ತಿದೆ’ ಎಂದೂ ಬರೆದಿದ್ದೇನೆ.

ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಎಂಬ ಅಂಕಿ) ತಾಳೆಯಾಗದ ದೋಷಕ್ಕೆ ಮಾತ್ರ ಪದ ಹುಡುಕುವ ಗೋಜೇ ಬರಲಿಲ್ಲ. 44,100ರಲ್ಲಿ ಮುದ್ರಿಸಿದ್ದನ್ನು 48,000 ಎಂದು ತಿಳಿದು ನುಡಿಸಿದರೆ ವೇಗ, ಶ್ರುತಿ ಎರಡೂ ಶೇಕಡಾ 9ರ ಹತ್ತಿರ ಏರುತ್ತವೆ. ಐದು ಮನೆ ಶ್ರುತಿಯಲ್ಲಿ (ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ) ಹಾಡಿದ್ದು ಐದೂವರೆಯನ್ನು ದಾಟಿ ಆರನ್ನು ಮುಟ್ಟದೆ ನಡುವೆ ನಿಲ್ಲುತ್ತದೆ. “ಶ್ರುತಿ ಏರಿದೆ” ಎಂದು ವಿದ್ಯಾರ್ಥಿಗಳೇ ಹೇಳುತ್ತಾರೆ. ಹಾಗೆ ಹೇಳಿದವರಿಗೆ ವಿಂಡೋಸ್ ಸೌಂಡ್ ಸೆಟ್ಟಿಂಗಿನಲ್ಲೂ ಆ್ಯಪ್‌ನಲ್ಲೂ ಒಂದೇ ಅಂಕಿ ಇದೆಯೇ ನೋಡಿ ಎನ್ನಬೇಕು, ಅಷ್ಟೇ. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕ್ ಬಳಸಿದಾಗ ಅದು ಫೋನ್ ಕರೆಯ ಮೋಡ್‌ಗೆ ಇಳಿದು 8,000 ಅಥವಾ 16,000 ಹರ್ಟ್ಸ್‌ಗೆ ಕುಸಿಯುತ್ತದಲ್ಲ, ಅದಕ್ಕೂ “ಹಳೇ ಫೋನಿನ ದನಿ” ಎಂಬ ಜನರ ಮಾತೇ ಸಾಕು.

ಉಳಿದದ್ದು ಗೇನ್. ಅನುವಾದ ಯಂತ್ರಗಳಿಗೆ ಬಿಟ್ಟರೆ ‘ಲಾಭ’ವೋ ‘ಗಳಿಕೆ’ಯೋ ಬರುತ್ತದೆ, ‘ಮೈಕಿನ ಲಾಭವನ್ನು ಕಡಿಮೆ ಮಾಡಿ’ ಎಂದು ಬರೆಯುವ ಧೈರ್ಯ ನನಗಿಲ್ಲ. ವಿಜ್ಞಾನ ಪಾಠದ ‘ವರ್ಧನ’ ಭಾರವಾಯಿತು. ವಾಲ್ಯೂಮ್ ಎಂದರೆ ಸ್ಪೀಕರಿನದು ಎಂದುಕೊಂಡು ಅಲ್ಲಿಗೇ ಕೈಹಾಕುತ್ತಾರೆ. ನಾಟಕ, ಯಕ್ಷಗಾನ, ಆರ್ಕೆಸ್ಟ್ರಾಗಳ ಮಿಕ್ಸರ್ ಮುಂದೆ ಕೂರುವವರ ಬಾಯಲ್ಲಿ, ಮೈಕ್ ಎಷ್ಟು ಸೂಕ್ಷ್ಮವಾಗಿ ಹಿಡಿಯಬೇಕು ಎಂಬುದಕ್ಕೆ ಕನ್ನಡದ ಮಾತನ್ನು ಯಾರಾದರೂ ಕೇಳಿದ್ದೀರಾ? “ಈ ಮೈಕ್ ಜಾಸ್ತಿ ಎಳೀತದೆ” ಎಂದು ಒಬ್ಬರು ಅಂದದ್ದು ನನ್ನ ಕಿವಿಗೆ ಬಿದ್ದಿದೆ. ‘ಮೈಕಿನ ಎಳೆತ’ ಎಂದರೆ ಅರ್ಥವಾದೀತೆ, ಅಥವಾ ಅದು ಒಂದು ಊರಿನ ಮಾತಷ್ಟೆಯೆ? ಕೇಳಿದವರು ಯಾವ ಸೀಮೆಯಲ್ಲಿ, ಯಾವ ಕೆಲಸದವರ ಬಾಯಲ್ಲಿ ಎಂಬುದನ್ನೂ ಸೇರಿಸಿ ಬರೆಯಿರಿ.