ಪುರಸಭೆಯ ಹಳೇ ಜಕಾತಿ ನಾಕಾ ಜಾಗ ಹರಾಜಿಗೆ: ಮೊದಲು ಯಾವ ಕಾಗದ ನೋಡಬೇಕು?

ಕೋಟೆಬಾಗಿಲು (ಪ್ರಶ್ನೆ)

ತಾಲ್ಲೂಕು ಕೇಂದ್ರದ ಪುರಸಭೆ. ಹಳೇ ಜಕಾತಿ ನಾಕಾ (ಊರೊಳಗೆ ಬರುವ ಸರಕಿನ ಮೇಲೆ ತೆರಿಗೆ ವಸೂಲು ಮಾಡುತ್ತಿದ್ದ ಕಟ್ಟೆ), ಅದರ ಹಿಂದಿನ ಹೆಂಚಿನ ಗೋದಾಮು ಸೇರಿ 20 ಗುಂಟೆ ಜಾಗವನ್ನು ವಾಣಿಜ್ಯ ಸಂಕೀರ್ಣಕ್ಕಾಗಿ ಹರಾಜಿನಲ್ಲಿ ಮಾರಲು ಸಾಮಾನ್ಯ ಸಭೆ ತೀರ್ಮಾನಿಸಿದೆ. 1979ರಲ್ಲಿ ರಾಜ್ಯದಲ್ಲಿ ಜಕಾತಿ ರದ್ದಾದಾಗಿನಿಂದ ನಾಕಾ ಬೀಗ ಹಾಕಿಕೊಂಡೇ ಇದೆ. ರಸ್ತೆ ಬದಿಗೆ ಏಳು ಪೆಟ್ಟಿಗೆ ಅಂಗಡಿಗಳಿವೆ, ಹಿಂಬದಿಯಲ್ಲಿ ಕಾಲುವೆ ಇದೆ. ಮಾರ್ಗಸೂಚಿ ದರ ಚದರಡಿಗೆ 3,000 ರೂಪಾಯಿ, ಅದನ್ನೇ ಕನಿಷ್ಠ ಬೆಲೆಯಾಗಿ ಇಡುತ್ತಾರಂತೆ.

ಮಾರುವುದೇ ತಪ್ಪು ಎಂಬ ವಾದ ನನ್ನದಲ್ಲ, ಜಾಗ ಹಾಳು ಬಿದ್ದಿರುವುದು ನಿಜ. ಆದರೆ ಈ ಮಾರಾಟ ಕಾನೂನಿನಲ್ಲಿ ನಿಲ್ಲುತ್ತದೆಯೇ, ಬೆಲೆ ಸರಿಯೇ ಎಂದು ಹೊರಗಿನವರು ಪರಿಶೀಲಿಸುವುದು ಹೇಗೆ? ಯಾವ ದಾಖಲೆ, ಯಾವ ಕ್ರಮದಲ್ಲಿ?

ಕಡತಶಾಖೆ

ಬೆಲೆಯ ಮಾತು ಆಮೇಲೆ. ಜಾಗ ಪುರಸಭೆಗೆ ಬಂದದ್ದು ಹೇಗೆ ಎಂಬುದು ಮೊದಲು. ಇಂಥ ಮಾರಾಟಗಳು ಮುಗ್ಗರಿಸುವುದು ಹೆಚ್ಚಾಗಿ ಅಲ್ಲೇ. ಮೂಲ ನಾಲ್ಕು ಬಗೆಯದಿರಬಹುದು.

ಪುರಸಭೆ ದುಡ್ಡು ಕೊಟ್ಟು ಕೊಂಡದ್ದಾದರೆ ಕ್ರಯಪತ್ರ ಇರುತ್ತದೆ, ಅಷ್ಟರ ಮಟ್ಟಿಗೆ ಹಾದಿ ಸಲೀಸು.

ಕಂದಾಯ ಇಲಾಖೆ ಇಂಥದ್ದೇ ಉದ್ದೇಶಕ್ಕೆ ಎಂದು ಮಂಜೂರು ಮಾಡಿದ್ದರೆ ಮಂಜೂರಾತಿ ಆದೇಶದ ಷರತ್ತು ಓದಬೇಕು. ಉದ್ದೇಶ ಮುಗಿದರೆ ಜಾಗ ಸರ್ಕಾರಕ್ಕೆ ವಾಪಸ್ ಎಂದು ಬರೆದಿದ್ದರೆ ಪುರಸಭೆ ಬರೀ ಕಾವಲುಗಾರ. ತನ್ನದಲ್ಲದ್ದನ್ನು ಮಾರಲಾಗದು.

ದಾನಿಗಳು ಕೊಟ್ಟದ್ದಾದರೆ ನೋಂದಾಯಿತ ದಾನಪತ್ರದ ಪ್ರತಿಯನ್ನು ಉಪನೋಂದಣಿ ಕಚೇರಿಯಿಂದ ತೆಗೆಸಿ. ‘ಛತ್ರಕ್ಕೆ’, ‘ಸಂತೆಗೆ’ ಎಂಬ ಒಂದೇ ಪದ ಮುಂದೆ ದಾನಿಯ ಮೊಮ್ಮಕ್ಕಳ ದಾವೆಗೆ ಬೀಜವಾಗುತ್ತದೆ. ಇಲ್ಲೊಂದು ಸೂಕ್ಷ್ಮವಿದೆ: ಉದ್ದೇಶವನ್ನು ಹೇಳಿದ ಮಾತ್ರಕ್ಕೆ ಜಾಗ ಹಿಂತಿರುಗುವುದಿಲ್ಲ. ಉದ್ದೇಶ ತಪ್ಪಿದರೆ ವಾರಸುದಾರರಿಗೆ ಮರಳಬೇಕು ಎಂದು ಪತ್ರದಲ್ಲಿ ಸ್ಪಷ್ಟವಾಗಿದೆಯೇ ನೋಡಿ.

ನಾಲ್ಕನೆಯದು ಭೂಸ್ವಾಧೀನ. 1894ರ ಕಾಯ್ದೆಯಡಿ ಸ್ವಾಧೀನವಾಗಿ ಪರಿಹಾರ ಕೊಟ್ಟಾಗಿದ್ದರೆ ಹಳೇ ಮಾಲೀಕರಿಗೆ ವಾಪಸ್ ಕೇಳುವ ಹಕ್ಕು ಸಾಮಾನ್ಯವಾಗಿ ಉಳಿದಿರುವುದಿಲ್ಲ. ಐದು ವರ್ಷ ಬಳಸದ ಜಮೀನಿನ ಬಗ್ಗೆ 2013ರ ಕಾಯ್ದೆಯ 101ನೇ ಕಲಂ ಹೇಳುವುದನ್ನು ಅಷ್ಟು ಹಳೆಯ ಸ್ವಾಧೀನಕ್ಕೆ ಎಳೆದು ತರಲು ಹೋಗಬೇಡಿ, ಸಮಯ ವ್ಯರ್ಥ.

ಕಾಗದ ತೆಗೆಸಲು ಆರ್‌ಟಿಐ ಸಾಕು: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ಅದೇ ನೆಪ ಸಾಕು ತಳ್ಳಿಹಾಕಲು. ಮೂರು ಅರ್ಜಿ ಹಾಕಿ. ಒಂದರಲ್ಲಿ ಸಭೆಯ ಕಾರ್ಯಸೂಚಿ ಮತ್ತು ನಡವಳಿ, ಇನ್ನೊಂದರಲ್ಲಿ ಆಸ್ತಿ ವಹಿಯ ಆ ಪುಟ ಮತ್ತು ಹಕ್ಕಿನ ಮೂಲ ದಾಖಲೆ, ಮೂರನೆಯದರಲ್ಲಿ ಮೌಲ್ಯಮಾಪನ ವರದಿ ಮತ್ತು ನಕ್ಷೆ. ‘ಯಾಕೆ ಮಾರುತ್ತಿದ್ದೀರಿ’ ಎಂದು ಕೇಳಬೇಡಿ. ಪ್ರಶ್ನೆಗೆ ಅಭಿಪ್ರಾಯ ಬರುವುದಿಲ್ಲ, ದಾಖಲೆ ಕೇಳಿದರೆ ದಾಖಲೆ ಬರುತ್ತದೆ.

ಕಾರ್ಯಸೂಚಿ ಯಾಕೆಂದರೆ, ಆಸ್ತಿ ಮಾರಾಟದಂಥ ವಿಷಯ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’ ಎಂಬ ಕೊನೇ ಸಾಲಿನಡಿ ನುಸುಳುವುದುಂಟು.

ನಗರಯೋಜನೆ_71

ಠರಾವು (ಸಭೆಯ ನಿರ್ಣಯ) ಆದ ಮೇಲೆ ಮಾರಾಟ ಆಗಿಯೇಹೋಯಿತು ಎಂದು ಹಲವರು ತಿಳಿಯುತ್ತಾರೆ, ಹಾಗಲ್ಲ. ಕರ್ನಾಟಕ ಪುರಸಭೆಗಳ ಕಾಯ್ದೆ 1964ರ 72ನೇ ಕಲಂ ಪುರಸಭೆಗೆ ಆಸ್ತಿ ಮಾರುವ, ಗುತ್ತಿಗೆ ಕೊಡುವ ಅಧಿಕಾರ ಕೊಡುತ್ತದೆ, ಆದರೆ ಈ ಪ್ರಮಾಣದ ಸ್ಥಿರಾಸ್ತಿ ಮಾರಾಟಕ್ಕೆ ಸರ್ಕಾರದ ಪೂರ್ವಾನುಮತಿ ಬೇಕೇ ಬೇಕು. ‘ಪೂರ್ವ’ ಎಂಬ ಪದವೇ ಮುಖ್ಯ. ಮೊದಲು ಹರಾಜು ಹಾಕಿ ಆಮೇಲೆ ಘಟನೋತ್ತರ ಮಂಜೂರಾತಿ ತರುತ್ತೇವೆ ಎಂಬ ದಾರಿ ಹಿಡಿದರೆ ಕೊಂಡವರ ಹಕ್ಕೇ ಅಲುಗಾಡುತ್ತದೆ, ಬ್ಯಾಂಕು ಸಾಲ ಕೊಡಲು ಹಿಂಜರಿಯುತ್ತದೆ.

ಠರಾವು ಕಾನೂನಿಗೆ ವಿರುದ್ಧ ಅಥವಾ ಸಾರ್ವಜನಿಕರಿಗೆ ಹಾನಿ ಎನಿಸಿದರೆ 306ನೇ ಕಲಂನಡಿ ಅದರ ಜಾರಿಯನ್ನು ಜಿಲ್ಲಾಧಿಕಾರಿ ತಡೆಹಿಡಿಯಬಹುದು. ಮನವಿ ಕೊಡುವಾಗ ಠರಾವಿನ ಸಂಖ್ಯೆ, ದಿನಾಂಕ, ಯಾವ ನಿಯಮದ ಉಲ್ಲಂಘನೆ ಎಂಬ ಮೂರನ್ನೂ ಬರೆಯಿರಿ. ‘ಭ್ರಷ್ಟಾಚಾರ ನಡೆದಿದೆ’ ಎಂದಷ್ಟೇ ಬರೆದ ಮನವಿ ‘ಪರಿಶೀಲಿಸಿ ವರದಿ ನೀಡಿ’ ಎಂಬ ಷರಾದೊಂದಿಗೆ ಅದೇ ಮುಖ್ಯಾಧಿಕಾರಿಯ ಮೇಜಿಗೆ ಮರಳುತ್ತದೆ.

ಮಹಾಯೋಜನೆಯ (ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗುರುತಿಸುವ ಮಾಸ್ಟರ್ ಪ್ಲ್ಯಾನ್) ನಕ್ಷೆಯಲ್ಲಿ ಜಾಗದ ಬಣ್ಣ ಯಾವುದು ನೋಡಿ. ಸಾರ್ವಜನಿಕ ಮತ್ತು ಅರೆಸಾರ್ವಜನಿಕ ಎಂದಿದ್ದರೆ, ವಾಣಿಜ್ಯಕ್ಕೆ ತಿರುಗಿಸಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಂನ ಪ್ರಕ್ರಿಯೆ ಆಗಬೇಕು. ಅದನ್ನು ಮಾರುವ ಮುಂಚೆ ಪುರಸಭೆಯೇ ಮಾಡಿಸಿದರೆ ಬೆಲೆ ಏರಿಕೆ ಊರಿಗೆ ಸಿಗುತ್ತದೆ. ಮಾರಿದ ಮೇಲೆ ಖರೀದಿದಾರ ಮಾಡಿಸಿಕೊಂಡರೆ ಅವನ ಜೇಬಿಗೆ. ಉದ್ಯಾನ ಎಂದು ಗುರುತಾಗಿದ್ದರಂತೂ ಕೈ ಹಾಕದಿರುವುದೇ ವಾಸಿ. ಉದ್ಯಾನಕ್ಕೆ ಮೀಸಲಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದನ್ನು ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ.

ಸರಪಳಿ_ಆಣೆ

ಕಾಲುವೆ ಎಂದಿರಲ್ಲ, ಅದನ್ನು ಯಾರೂ ಮಾತಾಡಲಿಲ್ಲ. ಪಹಣಿ ಮತ್ತು ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ, ಖರಾಬು ತೋರಿಸುವ ಸರ್ವೆ ದಾಖಲೆ) ತೆಗೆದು ‘ಬಿ’ ಖರಾಬು ಎಷ್ಟಿದೆ ನೋಡಿ. ‘ಎ’ ಖರಾಬು ಬೇಸಾಯಕ್ಕೆ ಬಾರದ ನೆಲ ಅಷ್ಟೇ. ‘ಬಿ’ ಖರಾಬು ದಾರಿ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು, ಅದು ಮಾರಾಟದ ಲೆಕ್ಕಕ್ಕೇ ಬರಬಾರದು. ಪಹಣಿಯ 9ನೇ ಕಾಲಂನಲ್ಲಿ ಪುರಸಭೆಯ ಹೆಸರಿದೆಯೋ ಬರೀ ‘ಸರ್ಕಾರಿ’ ಎಂದಿದೆಯೋ, 11ನೇ ಕಾಲಂನಲ್ಲಿ ಋಣವೇನಾದರೂ ಇದೆಯೋ ಗಮನಿಸಿ.

ಟಿಪ್ಪಣಿ (ಮೂಲ ಸರ್ವೆಯ ಅಳತೆ ದಾಖಲೆ) ಸರಪಳಿ–ಆಣೆ ಲೆಕ್ಕದಲ್ಲಿರುತ್ತದೆ. ಒಂದು ಸರಪಳಿ 33 ಅಡಿ, 16 ಆಣೆ. ಒಂದು ಸರಪಳಿ ಚೌಕ ಅಂದರೆ 1,089 ಚದರಡಿ, ಅದೇ ಒಂದು ಗುಂಟೆ. ನಿಮ್ಮ 20 ಗುಂಟೆ ಕಾಗದದಲ್ಲಿ 21,780 ಚದರಡಿ. ನೆಲದ ಮೇಲೆ ಅಷ್ಟಿದೆಯೇ ಎನ್ನುವುದು ಬೇರೆ ಮಾತು. ರಸ್ತೆ ಬದಿ 120 ಅಡಿ ಉದ್ದವಿದ್ದು, ಮಹಾಯೋಜನೆಯ ರಸ್ತೆ ಅಗಲೀಕರಣಕ್ಕೆ 15 ಅಡಿ ಹೋಗುತ್ತದೆ ಎಂದಿಟ್ಟುಕೊಳ್ಳಿ: 1,800 ಚದರಡಿ ಖೋತಾ, ನಿಮ್ಮ ದರದಲ್ಲಿ 54 ಲಕ್ಷ. ಇದನ್ನು ಹರಾಜಿನ ನೋಟಿಸಿನಲ್ಲಿ ಹೇಳದಿದ್ದರೆ ಗೆದ್ದವನು ಹಣ ಕಟ್ಟದೆ ಜಗಳಕ್ಕೆ ನಿಲ್ಲುತ್ತಾನೆ, ನ್ಯಾಯವೂ ಅವನ ಕಡೆಗೇ ಇರುತ್ತದೆ. ನೋಟಿಸಿಗೆ ಮುಂಚೆ ಹದ್ದುಬಸ್ತು (ಗಡಿ ಅಳೆದು ಗುರುತಿಸುವುದು) ಮಾಡಿಸಿ ಕಲ್ಲು ನೆಡಬೇಕು, ಪಕ್ಕದ ಹಿಡುವಳಿದಾರರಿಗೆ ನೋಟಿಸ್ ಕೊಟ್ಟೇ ಅಳೆಯಬೇಕು.

ಹಳೇ ಗೋದಾಮನ್ನು ಜಾಗದ ಜೊತೆ ಸೇರಿಸಿ ಮಾರುವುದು ದಡ್ಡತನ. ತೇಗದ ತೊಲೆ, ಹೆಂಚು, ಕಲ್ಲಿನ ಚಪ್ಪಡಿಗೆ ಲೋಕೋಪಯೋಗಿ ಇಲಾಖೆಯಿಂದ ಬೇರೆ ಅಂದಾಜು ಮಾಡಿಸಿ ಬೇರೆಯೇ ಹರಾಜು ಹಾಕಬೇಕು, ಇಲ್ಲದಿದ್ದರೆ ಅವಕ್ಕೆ ಬೆಲೆಯೇ ಬರುವುದಿಲ್ಲ. ಚಾವಣಿಯಲ್ಲಿ ಎಲ್ಲಾದರೂ ಆಸ್ಬೆಸ್ಟಾಸ್ ಶೀಟಿದ್ದರೆ ಒಡೆಯಬಾರದು. ನೀರು ಸಿಂಪಡಿಸಿ, ಇಡಿಯಾಗಿ ಬಿಚ್ಚಿ ಇಳಿಸಬೇಕು. ಮರ ಕಡಿಯುವುದಿದ್ದರೆ ವೃಕ್ಷ ಅಧಿಕಾರಿಯ ಅನುಮತಿ ಬೇರೆ.

ಉಳಿಕೆಲೆಕ್ಕ

ಬೆಲೆಯ ಬಗ್ಗೆ. ಮಾರ್ಗಸೂಚಿ ದರ ಮುದ್ರಾಂಕ ಶುಲ್ಕಕ್ಕಾಗಿ ಇರುವುದು, ಈ ನಿರ್ದಿಷ್ಟ ಜಾಗದ ನಿಜ ಬೆಲೆ ಅದಕ್ಕಿಂತ ಮೇಲೂ ಇರಬಹುದು, ಕೆಳಗೂ ಇರಬಹುದು. ಕಟ್ಟಡ ಕಟ್ಟುವವನು ಮಾಡುವುದು ಉಳಿಕೆ ಲೆಕ್ಕ: ಕಟ್ಟಿ ಮಾರಿದ ಆದಾಯದಲ್ಲಿ ಖರ್ಚು, ಲಾಭ ಕಳೆದು ನೆಲಕ್ಕೆ ಎಷ್ಟು ಕೊಡಬಹುದು ಎಂಬುದು. ಕಲ್ಪಿತ ಅಂಕಿಗಳಲ್ಲಿ ತೋರಿಸುತ್ತೇನೆ.

ಅಗಲೀಕರಣ ಕಳೆದು 19,980 ಚದರಡಿ ನೆಲ, ಎಫ್‌ಎಆರ್ (ನೆಲದ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಎಂಬ ಮಿತಿ) 2 ಎಂದುಕೊಂಡರೆ ಕಟ್ಟಡ ಸುಮಾರು 40,000 ಚದರಡಿ. ಮೆಟ್ಟಿಲು, ಓಡುದಾರಿ ಕಳೆದು ಮಾರಲು ಸಿಗುವುದು 30,000. ಚದರಡಿಗೆ 5,000ದಂತೆ ಆದಾಯ 15 ಕೋಟಿ. ನಿರ್ಮಾಣ ಚದರಡಿಗೆ 2,000ದಂತೆ 8 ಕೋಟಿ. ಶುಲ್ಕ, ಬಡ್ಡಿ 1.2 ಕೋಟಿ. ಆದಾಯದ ಮೇಲೆ ಶೇ. 15 ಲಾಭ, 2.25 ಕೋಟಿ. ನೆಲಕ್ಕೆ ಉಳಿಯುವುದು 3.55 ಕೋಟಿ. ಮಾರ್ಗಸೂಚಿ ದರದ ಲೆಕ್ಕ ಸುಮಾರು 6 ಕೋಟಿ, ಒಬ್ಬನೂ ಬರುವುದಿಲ್ಲ. ಎರಡು ಸಲ ಹರಾಜು ಬಿದ್ದು ಹೋದ ಮೇಲೆ ‘ಬಿಡ್‌ದಾರರಿಲ್ಲ’ ಎಂದು ದರ ಇಳಿಸುತ್ತಾರೆ. ಅನುಮಾನದ ಮಾರಾಟಗಳು ಆಗುವುದು ಆ ಮೂರನೇ ಸುತ್ತಿನಲ್ಲೇ, ಕಣ್ಣಿಡಿ.

ಈಗ ಮಾರಾಟ ದರವನ್ನು 6,000 ಮಾಡಿ. ಆದಾಯ 18 ಕೋಟಿ, ಲಾಭ 2.7, ನೆಲಕ್ಕೆ 6.1 ಕೋಟಿ. ಅಂಗಡಿ ದರ ಶೇ. 20 ಏರಿದರೆ ನೆಲದ ಬೆಲೆ ಶೇ. 72ರಷ್ಟು ಜಿಗಿಯಿತು. ಹಾಗಾಗಿ ಕನಿಷ್ಠ ಬೆಲೆಯನ್ನು ಎಷ್ಟೇ ತಿದ್ದಿದರೂ ಸಾಲದು, ಕರಾರಿನಲ್ಲಿ ಹೆಚ್ಚುವರಿ ಪಾಲಿನ ಷರತ್ತು ಬೇಕು: ಮುಂದೆ ಹೆಚ್ಚು ಎಫ್‌ಎಆರ್ ಮಂಜೂರಾದರೆ ಅಥವಾ ಕಟ್ಟದೆಯೇ ಮರುಮಾರಾಟ ಮಾಡಿದರೆ ವ್ಯತ್ಯಾಸದಲ್ಲಿ ಪುರಸಭೆಗೆ ಇಂತಿಷ್ಟು ಎಂದು.

ಕಡತಶಾಖೆ

ಉಳಿಕೆಲೆಕ್ಕ ಅವರ ಮಾತು ಒಪ್ಪಿದೆ, ಆದರೆ ಆ ಷರತ್ತನ್ನು ಪೂರ್ಣ ಕ್ರಯಪತ್ರ ಆದ ಮೇಲೆ ವಸೂಲು ಮಾಡುವವರು ಯಾರು? ಮುಖ್ಯಾಧಿಕಾರಿ ಮೂರು ಸಲ ವರ್ಗವಾಗಿರುತ್ತಾರೆ, ಕಡತ ಅಟ್ಟ ಸೇರಿರುತ್ತದೆ. ಲೀಸ್ ಕಂ ಸೇಲ್ ವಾಸಿ: ಮೊದಲು ಗುತ್ತಿಗೆ, ಕಟ್ಟಡ ಮುಗಿದ ಮೇಲೆ ಕ್ರಯಪತ್ರ, ಅವಧಿ ಮೀರಿದರೆ ಗುತ್ತಿಗೆ ರದ್ದು. ಸಾಲಕ್ಕೆ ಅಡಮಾನ ಇಡಲು ಅನುಮತಿ ಕೊಡುವ ಷರತ್ತು ಮಾತ್ರ ಮರೆಯಬಾರದು. ಅದಿಲ್ಲದಿದ್ದರೆ ನಗದು ಇದ್ದವರಷ್ಟೇ ಬಿಡ್ ಹಾಕುತ್ತಾರೆ.

ಕೋಟೆಬಾಗಿಲು

ಆಸ್ತಿ ವಹಿಯ ಪುಟ ಸಿಕ್ಕಿತು. ಹಕ್ಕಿನ ಮೂಲದ ಕಾಲಂ ಖಾಲಿ. ಪಹಣಿಯ 9ರಲ್ಲಿ ‘ಸರ್ಕಾರಿ’ ಎಂದೇ ಇದೆ, ‘ಬಿ’ ಖರಾಬು 3 ಗುಂಟೆ. ಪೆಟ್ಟಿಗೆ ಅಂಗಡಿಗಳನ್ನು ‘ಇದ್ದಂತೆಯೇ’ ಷರತ್ತಿನಲ್ಲಿ ಜಾಗದ ಜೊತೆ ಮಾರುತ್ತಾರಂತೆ.

ನಗರಯೋಜನೆ_71

ಹಾಗಿದ್ದರೆ ಹರಾಜು ಇನ್ನೂ ದೂರದ ಮಾತು. ತಹಶೀಲ್ದಾರ್ ಕಚೇರಿಯಲ್ಲಿ ಮಂಜೂರಾತಿ ಕಡತ ಹುಡುಕಿಸಿ, ನಾಲ್ಕನೇ ಆರ್‌ಟಿಐ ಅಲ್ಲಿಗೆ ಹಾಕಿ. ಜಿಲ್ಲಾಧಿಕಾರಿಗೆ ಮನವಿ ಕೊಡಲು ಈ ಪಹಣಿ ಒಂದೇ ಸಾಕು: ಪುರಸಭೆಯ ಹಕ್ಕು ಸಾಬೀತಾಗುವವರೆಗೆ ಠರಾವಿನ ಜಾರಿ ತಡೆಹಿಡಿಯಿರಿ ಎಂದು ಕೇಳಿ. ಮಾರಬಹುದಾದ ನೆಲ ಹೆಚ್ಚೆಂದರೆ 17 ಗುಂಟೆ, 18,513 ಚದರಡಿ, ಅಗಲೀಕರಣ ಅದರಲ್ಲೂ ಕಳೆಯಬೇಕು.

ಅಂಗಡಿಗಳದ್ದು ಬೇರೆ. ಅವರಲ್ಲಿ ಬಾಡಿಗೆ ರಸೀದಿ ಇದ್ದವರೆಷ್ಟು, ಇಲ್ಲದವರೆಷ್ಟು ಪಟ್ಟಿಯಾಗಲಿ. ಅನಧಿಕೃತರನ್ನು ತೆರವು ಮಾಡಲು 1974ರ ಸಾರ್ವಜನಿಕ ಆವರಣಗಳ ಕಾಯ್ದೆಯಡಿ ನೋಟಿಸ್, ವಿಚಾರಣೆ, ಆದೇಶ ಎಂಬ ಕ್ರಮ ಇದೆ. ಆ ಅಧಿಕಾರ ಪುರಸಭೆ ಕೈಯಲ್ಲಿ ಜಾಗ ಇರುವವರೆಗೆ ಮಾತ್ರ. ಖಾಸಗಿಯವರಿಗೆ ಮಾರಿದ ಮೇಲೆ ಅವರು ಸಿವಿಲ್ ದಾವೆಯನ್ನೇ ಹೂಡಬೇಕು. ಅದರ ಖರ್ಚನ್ನೂ ಕಾಲಹರಣವನ್ನೂ ಬಿಡ್‌ದಾರ ಮೊದಲೇ ಬೆಲೆಯಲ್ಲಿ ಮುರಿದುಕೊಳ್ಳುತ್ತಾನೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆಯಡಿ ಗುರುತಿನ ಚೀಟಿ ಪಡೆದವರು ಅವರಲ್ಲಿದ್ದರೆ ಸ್ಥಳಾಂತರದ ನೋಟಿಸ್ 30 ದಿನ ಮುಂಚೆ ಕೊಡಬೇಕು, ಅದನ್ನೂ ಅದೇ ಪಟ್ಟಿಯಲ್ಲಿ ಗುರುತು ಮಾಡಿಸಿ.