ಹೆಣ್ಣು ಗೋಸುಂಬೆ ಊಟ ಬಿಟ್ಟಿದೆ, ಪಂಜರದ ತಳ ಕೆರೆಯುತ್ತಿದೆ. ಏನು ಮಾಡಲಿ?

ಮಲ್ಲಿಗೆಹಂಬು (ಡಲ್ಲಾಸ್):
ಎಲ್ಲರಿಗೂ ನಮಸ್ಕಾರ. ಮಗಳ ಹುಟ್ಟುಹಬ್ಬಕ್ಕೆ ತಂದ ವೇಲ್ಡ್ (veiled) ಅನ್ನುವ ಜಾತಿಯ ಗೋಸುಂಬೆ ನಮ್ಮ ಮನೇಲಿದೆ. ಹೆಣ್ಣು, 8 ತಿಂಗಳು. ಹೆಸರು ಪಚ್ಚೆ. ಮೂರು ದಿನದಿಂದ ಕ್ರಿಕೆಟ್ ಹುಳ ಕೊಟ್ಟರೆ ಮುಖ ತಿರುಗಿಸುತ್ತಾಳೆ. ಸದಾ ಕೊಂಬೆ ಮೇಲೇ ಇರುತ್ತಿದ್ದವಳು ಈಗ ಕೆಳಗಿಳಿದು ಮೂಲೆ ಮೂಲೆ ಕೆರೆಯುತ್ತಾಳೆ. ಮೈ ಕಡು ಹಸಿರಾಗಿ ಹಳದಿ, ನೀಲಿ ಚುಕ್ಕೆ ಎದ್ದಿವೆ. ಹೊಟ್ಟೆ ಎರಡೂ ಪಕ್ಕ ಉಬ್ಬಿದೆ. ಗಂಡಿನ ಜೊತೆ ಇಟ್ಟೇ ಇಲ್ಲ, ಹಾಗಾಗಿ ಮೊಟ್ಟೆ ಇರಲಾರದು ಅಲ್ವಾ? ದಿನಾ 12–15 ಹುಳ ಕೊಡುತ್ತಿದ್ದೆ. ದೀಪದ ಕೆಳಗೆ 95 ಡಿಗ್ರಿ ಫ್ಯಾರನ್‌ಹೀಟ್ ಇದೆ. ಶುಚಿಯಾಗಿರಲಿ ಅಂತ ತಳದಲ್ಲಿ ಮಣ್ಣು ಹಾಕಿಲ್ಲ. ತುಂಬಾ ಭಯ ಆಗ್ತಿದೆ.

ಹಸಿರುಕೊಂಬೆ (ನ್ಯೂಜೆರ್ಸಿ):
ನೀವು ಹೇಳಿದ್ದೆಲ್ಲ ನೋಡಿದರೆ ಅದು ಮೊಟ್ಟೆಯೇ ಅನ್ನಿಸುತ್ತೆ. ಗಂಡು ಬೇಕಿಲ್ಲ. ಹುಂಜ ಇಲ್ಲದ ಮನೆಯಲ್ಲೂ ಕೋಳಿ ಮೊಟ್ಟೆ ಇಡುತ್ತಲ್ಲ, ಹಾಗೇ. ಅವಳು ಅಗೆಯೋಕೆ ಜಾಗ ಹುಡುಕುತ್ತಿದ್ದಾಳೆ, ಸಿಗುತ್ತಿಲ್ಲ.

ಇವತ್ತೇ ಒಂದು ಅಡಿಗಿಂತ ಆಳದ ಪ್ಲಾಸ್ಟಿಕ್ ಡಬ್ಬ ತನ್ನಿ, ಜೊತೆಗೆ ಮಕ್ಕಳು ಆಡುವ ಮರಳಿನ ಚೀಲ. ಮರಳು ತೊಳೆದು, ಒದ್ದೆಯಾಗಿಯೇ ಒಂದು ಅಡಿ ತುಂಬಿ. ತಂಬಿಟ್ಟು ಉಂಡೆ ಕಟ್ಟುವ ಹದ ಗೊತ್ತಲ್ಲ, ಅದೇ ಹದ. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ನೀರು ತೊಟ್ಟಿಕ್ಕಬಾರದು. ಬೆರಳಿನಿಂದ ಉದ್ದಕ್ಕೆ ತೂತು ಮಾಡಿ ನೋಡಿ. ಅದು ಕುಸಿದರೆ ಅವಳು ತೋಡಿದ ಸುರಂಗವೂ ಕುಸಿಯುತ್ತೆ, ಅರ್ಧಕ್ಕೇ ಬಿಟ್ಟುಬಿಡುತ್ತಾಳೆ. ಡಬ್ಬಕ್ಕೆ ಇಳಿಯಲು ಒಂದು ಕೊಂಬೆ ಓರೆಯಾಗಿ ಇಡಿ. ಆಮೇಲೆ ಪಂಜರದ ಕೆಳಗಿನ ಅರ್ಧಕ್ಕೆ ಹಳೇ ಬೆಡ್‌ಶೀಟ್ ಕಟ್ಟಿ. ಅಗೆಯುವಾಗ ಯಾರಾದರೂ ಕಣ್ಣಿಗೆ ಬಿದ್ದರೆ ನಿಲ್ಲಿಸಿಬಿಡುತ್ತಾಳೆ. ಇಣುಕಿ ನೋಡಬಾರದು ಅಂತ ಮಗಳಿಗೂ ಹೇಳಿ.

ಇಷ್ಟು ಒತ್ತಾಯ ಮಾಡೋಕೆ ಕಾರಣ ಇದೆ. ನನ್ನ ಮೊದಲ ಹೆಣ್ಣು ಎರಡು ವಾರ ಹೀಗೇ ಕೆರೆಯಿತು. ನಾಯಿ, ಬೆಕ್ಕು ನೋಡುವ ಒಂದು ಕ್ಲಿನಿಕ್‌ನಲ್ಲಿ ಅಜೀರ್ಣ ಅಂದರು, ನಾನೂ ನಂಬಿದೆ. ಹಗಲಲ್ಲೇ ಕಣ್ಣು ಮುಚ್ಚತೊಡಗಿದಾಗ ಸರೀಸೃಪ ನೋಡುವ ಡಾಕ್ಟರ ಹತ್ತಿರ ಓಡಿದೆ. ಎಕ್ಸ್‌ರೇಯಲ್ಲಿ ಹೊಟ್ಟೆ ತುಂಬ ಮೊಟ್ಟೆ, ದ್ರಾಕ್ಷಿ ಗೊಂಚಲಿನ ಹಾಗೆ. ಉಳಿಯಲಿಲ್ಲ. ಕಾರಿನಲ್ಲಿ ಹೋಗುವಾಗ ಇಕ್ಕಳದಂಥ ಆ ಪುಟ್ಟ ಪಾದದಿಂದ ನನ್ನ ಕಿರುಬೆರಳು ಹಿಡಿದೇ ಇದ್ದಳು, ಬಿಗಿ ಮಾತ್ರ ಕಮ್ಮಿಯಾಗುತ್ತಾ ಬಂತು. ಅದಕ್ಕೇ ಹೇಳುತ್ತಿದ್ದೇನೆ: ಹಗಲಲ್ಲಿ ಕಣ್ಣು ಮುಚ್ಚಿದರೆ, ಕೊಂಬೆ ಹತ್ತಲಾರದೆ ಬಿದ್ದುಕೊಂಡರೆ, ಅಗೆದೂ ಅಗೆದೂ ಇಡದೇ ಹೋದರೆ ಕಾಯಬೇಡಿ. ಡಾಕ್ಟರು ಸರೀಸೃಪ ನೋಡುತ್ತಾರಾ ಅಂತ ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಅಂದಹಾಗೆ, 95 ಡಿಗ್ರಿ ಜಾಸ್ತಿ. ಹೆಣ್ಣಿಗೆ 80ರ ಆಸುಪಾಸು ಸಾಕು. ಬಿಸಿ ಜಾಸ್ತಿ, ಊಟ ಜಾಸ್ತಿ ಆದಷ್ಟೂ ಮೊಟ್ಟೆ ಜಾಸ್ತಿ. ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ಯುವಿಬಿ ದೀಪ ಯಾವುದು? ನೀರು ಹೇಗೆ ಕೊಡುತ್ತಿದ್ದೀರಿ?

ಮಲ್ಲಿಗೆಹಂಬು:
ಸುರುಳಿ ಬಲ್ಬು. ನೀರು ಬಟ್ಟಲಲ್ಲಿ ಇಡುತ್ತೇನೆ. ಡಬ್ಬ ತರಲು ನಮ್ಮನೆಯವರು ಹೊರಟಿದ್ದಾರೆ.

ಹಸಿರುಕೊಂಬೆ:
ಎರಡನ್ನೂ ಬದಲಾಯಿಸಿ. ನಿಂತ ನೀರನ್ನು ಇವು ಸಾಮಾನ್ಯವಾಗಿ ಗುರುತಿಸುವುದೇ ಇಲ್ಲ. ಎಲೆ ಮೇಲಿನ ಹನಿಯನ್ನು ನೆಕ್ಕಿ ಕುಡಿಯುತ್ತವೆ. ಬೆಳಿಗ್ಗೆ ದೀಪ ಹಾಕುವ ಮುಂಚೆ, ರಾತ್ರಿ ಆರಿಸಿದ ಮೇಲೆ ಒಂದೆರಡು ನಿಮಿಷ ನೀರು ಚಿಮುಕಿಸಿ. ಹಿಕ್ಕೆಯ ಜೊತೆ ಬರುವ ಬಿಳಿ ಭಾಗ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ನೀರು ಸಾಲುತ್ತಿಲ್ಲ ಅಂತ. ಸುರುಳಿ ಬಲ್ಬಿನ ಬದಲು ಉದ್ದನೆಯ, ತೆಳುವಾದ ಟಿ5 ಯುವಿಬಿ ಟ್ಯೂಬ್‌ಲೈಟ್ ಹಾಕಿ, ಕೊಂಬೆಯಿಂದ 8–9 ಇಂಚು ಮೇಲೆ. ಯುವಿಬಿ ಸಾಲದಿದ್ದರೆ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಮೊಟ್ಟೆ ಹೊರಗೆ ತಳ್ಳೋಕೂ ಸ್ನಾಯುಗಳಿಗೆ ಕ್ಯಾಲ್ಸಿಯಂ ಬೇಕು. ಗಿಡಕ್ಕೆ ದಾಸವಾಳ ಇಡಿ. ಎಲೆ ತಿಂದರೂ ಭಯವಿಲ್ಲ.

ಹೊಲದಬದು (ಚಾಮರಾಜನಗರ):
ನಮ್ಮ ಬೇಲಿಯಲ್ಲಿ ಒಂದು ಗೋಸುಂಬೆ ಸಿಕ್ಕಿದೆ. ಮಕ್ಕಳು ಸಾಕೋಣ ಅಂತಾರೆ. ಇದೇ ಥರ ಸಾಕಬಹುದಾ?

ಹಸಿರುಕೊಂಬೆ:
ಬೇಡ ಅಣ್ಣ. ನಮ್ಮೂರ ಗೋಸುಂಬೆ ಕಾಡುಪ್ರಾಣಿ. ಹಿಡಿದು ಸಾಕಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಪಚ್ಚೆಯ ಜಾತಿಯ ಮೂಲ ಯೆಮೆನ್, ಸೌದಿ ಕಡೆ. ಇಲ್ಲಿ ಅಮೆರಿಕದಲ್ಲಿ ಅಂಗಡಿಗೆ ಬರುವ ಮರಿಗಳನ್ನು ಹೆಚ್ಚಾಗಿ ಸಾಕಣೆಯಲ್ಲೇ ಬೆಳೆಸಿರುತ್ತಾರೆ. ನಿಮಗೆ ಸಿಕ್ಕಿದ್ದನ್ನು ಅದೇ ಬೇಲಿಗೆ ಬಿಡಿ. ಅದೂ ನೆಲ ಅಗೆದೇ ಮೊಟ್ಟೆ ಇಡುವುದು, ಇಡೋಕೆ ಕೆಳಗಿಳಿದಿದ್ದರೂ ಇರಬಹುದು. ಮಕ್ಕಳು ದೂರದಿಂದ ನೋಡಲಿ.

ಹೊಲದಬದು:
ಸರಿ, ಸಂಜೆಯೊಳಗೆ ಬಿಡ್ತೀವಿ.

ಮಲ್ಲಿಗೆಹಂಬು (ಮೂರು ದಿನದ ನಂತರ):
ಇಟ್ಟಳು! ನಿನ್ನೆ ಮಧ್ಯಾಹ್ನ ಬಾಲದ ತುದಿ ಮಾತ್ರ ಮರಳಿನ ಹೊರಗೆ ಕಾಣುತ್ತಿತ್ತು. ಬೆಳಿಗ್ಗೆ ನೋಡಿದರೆ ಗುಳಿ ಮುಚ್ಚಿ, ಕಾಲಲ್ಲಿ ತಟ್ಟಿ, ಮೇಲೆ ಬಂದು ಕೂತಿದ್ದಾಳೆ. ಮೂಗಿನ ಮೇಲೆಲ್ಲ ಮರಳು. 43 ಮೊಟ್ಟೆ ಎಣಿಸಿದೆವು. ಹೊಟ್ಟೆ ಬೆನ್ನಿಗೆ ಅಂಟಿದೆ. ದಾಸವಾಳದ ಎಲೆಯಿಂದ ಹತ್ತು ನಿಮಿಷ ಬಿಡದೆ ನೀರು ಕುಡಿದಳು. ಮಗಳು ಅತ್ತೇಬಿಟ್ಟಳು. ಮರಿ ಆಗುತ್ತಾ ಅಂತ ಕೇಳ್ತಿದ್ದಾಳೆ.

ಹಸಿರುಕೊಂಬೆ:
ಓದಿ ನನಗೂ ಕಣ್ಣು ತುಂಬಿತು. ಮರಿ ಆಗಲ್ಲ ಪುಟ್ಟಿ, ಗಂಡಿಲ್ಲದ ಮೊಟ್ಟೆ. ಒಂದು ವಾರ ಕ್ಯಾಲ್ಸಿಯಂ ಪುಡಿ ಸವರಿದ ಹುಳ ಬೇಕಾದಷ್ಟು ಕೊಡಿ. ಆಮೇಲೆ ದಿನ ಬಿಟ್ಟು ದಿನ 3–4 ಸಾಕು. ಮರಳಿನ ಡಬ್ಬ ಮಾತ್ರ ತೆಗೆಯಬೇಡಿ. ಮೂರು ನಾಲ್ಕು ತಿಂಗಳಿಗೆ ಮತ್ತೆ ಬೇಕಾಗಬಹುದು.